ರೂಪಾಯಿಗೆ ಇಪ್ಪತ್ತನಾಲ್ಕು ಪೈಸೆ ಎಲ್ಲಿ ಹೋಯಿತು?

ಏಪ್ರಿಲ್ ಬಂತೆಂದರೆ ನಮ್ಮ ಊರಿನಲ್ಲಿ ಕಂದಾಯ ಕಟ್ಟುವ ಕಿಟಕಿಯ ಮುಂದೆ ಸಾಲು ಬೆಳೆಯುತ್ತದೆ. ತಿಂಗಳೊಳಗೆ ಕಟ್ಟಿದವರಿಗೆ ನೂರಕ್ಕೆ 5 ರೂಪಾಯಿ ರಿಯಾಯಿತಿ. ಗಡುವು ಮೀರಿದವರಿಗೆ ತಿಂಗಳಿಗೆ ನೂರಕ್ಕೆ 2 ರೂಪಾಯಿ ದಂಡ. ಆ ಸಾಲಿನಲ್ಲಿ ನಿಲ್ಲುವವರು ಯಾರು? ಮೂವತ್ತು ವರ್ಷ ಗಿರಣಿಯಲ್ಲಿ ದುಡಿದು ಎರಡಂಕಣದ ಮನೆ ಕಟ್ಟಿಕೊಂಡವರು, ಕಿರಾಣಿ ಅಂಗಡಿಯವರು, ಮಂಡಕ್ಕಿ ಭಟ್ಟಿಯವರು, ದರ್ಜಿಗಳು, ಗಂಡನ ಹೆಸರಿನ ಮನೆಗೆ ತಾನೇ ತೆರಿಗೆ ಕಟ್ಟಲು ಬಂದ ವಿಧವೆಯರು. ದೊಡ್ಡ ಬಾಕಿದಾರರು ಆ ಸಾಲಿನಲ್ಲಿ ಕಾಣುವುದಿಲ್ಲ. ಅವರ ಪರವಾಗಿ ವಕೀಲರು ನಿಲ್ಲುತ್ತಾರೆ, ಬೇರೆ ಕಡೆ.

ಈ ಸಲ ಆ ಸಾಲಿನಲ್ಲಿದ್ದ ಕಿರಾಣಿ ಅಂಗಡಿಯ ಮಿತ್ರರೊಬ್ಬರು ನಮ್ಮನ್ನು ಕರೆದು ಚೀಟಿ ತೋರಿಸಿದರು. "ಮಾಸ್ತರೇ, ತೆರಿಗೆ 2,000 ಅಂತ ಇವರೇ ಲೆಕ್ಕ ಹಾಕಿದಾರೆ. ಮತ್ತೆ ಕೆಳಗೆ 480 ಏನಿದು? ಯಾವ ತಪ್ಪಿಗೆ?" ಎಂದು ಕೇಳಿದರು. ತಪ್ಪಿಗಲ್ಲ, ಅದು ಉಪಕರ, ಎಂದೆವು. ಆರೋಗ್ಯಕ್ಕೆಂದು ರೂಪಾಯಿಗೆ 15 ಪೈಸೆ. ಅವರ ಪಾಲಿಗೆ 300 ರೂಪಾಯಿ. ಗ್ರಂಥಾಲಯಕ್ಕೆಂದು 6 ಪೈಸೆ, 120 ರೂಪಾಯಿ. ಭಿಕ್ಷುಕರ ಪರಿಹಾರಕ್ಕೆಂದು 3 ಪೈಸೆ, 60 ರೂಪಾಯಿ. ಒಟ್ಟು ರೂಪಾಯಿಗೆ 24 ಪೈಸೆ.

ಅವರು ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿದರು. "ಹಾಗಾದರೆ ನಮ್ಮ ಓಣಿಯ ಗ್ರಂಥಾಲಯಕ್ಕೆ ಯಾಕೆ ಬೀಗ ಹಾಕ್ತಾರಂತೆ?" ಎಂದರು.

ಈ ಪ್ರಶ್ನೆಗೆ ನಗರಸಭೆ ಉತ್ತರ ಕೊಡಬೇಕು. ಗಿರಣಿ ಚಾಳಿನ ಮಗ್ಗುಲಲ್ಲಿ ಎರಡು ಕೋಣೆಗಳ ಆ ಶಾಖಾ ಗ್ರಂಥಾಲಯವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಬೆಳಗಿನ ಪಾಳಿ ಮುಗಿಸಿ ಬಂದ ಕಾರ್ಮಿಕ ಅಲ್ಲಿ ಪತ್ರಿಕೆ ಓದುತ್ತಾನೆ. ಮನೆಯಲ್ಲಿ ದೀಪವೊಂದಿದ್ದರೆ ಜಾಗವಿಲ್ಲದ, ಜಾಗವಿದ್ದರೆ ಸದ್ದು ನಿಲ್ಲದ ಹುಡುಗಿಯರು ಅಲ್ಲಿ ಕುಳಿತು ಪರೀಕ್ಷೆಗಳಿಗೆ ಓದುತ್ತಾರೆ. ಅದರ ಬಾಡಿಗೆ ಬಾಕಿಯಾಗಿದೆ, ಕಟ್ಟಡದ ಒಡೆಯರು ಬಿಡಿಸಿಕೊಳ್ಳುವ ಮಾತಾಡುತ್ತಿದ್ದಾರೆ, ಮಾಡು ಸೋರುತ್ತದೆ, ಪತ್ರಿಕೆಗಳು ಕಡಿಮೆಯಾಗಿವೆ. ಕೇಳಿದರೆ ಗ್ರಂಥಾಲಯದವರು "ನಗರಸಭೆಯಿಂದ ಹಣ ಬಂದಿಲ್ಲ" ಎನ್ನುತ್ತಾರೆ. ನಗರಸಭೆಯವರು "ಹಣವಿಲ್ಲ" ಎನ್ನುತ್ತಾರೆ. ಹಣವಿಲ್ಲವೆ? ನಾವು ಕಟ್ಟಿದ್ದು ಹಾಗಾದರೆ ಏನು?

ಯಾರ ಹಣ?

ಓದುಗ ಬಂಧುಗಳು ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಆ 2,000 ರೂಪಾಯಿ ನಗರಸಭೆಯ ಆದಾಯ. ಅದರಿಂದ ಬೀದಿಗೆ ದೀಪ ಹಾಕಲಿ, ಚರಂಡಿ ಕಟ್ಟಲಿ, ಸಂಬಳ ಕೊಡಲಿ. ಅದು ಸಭೆಯ ವಿವೇಚನೆಗೆ ಬಿಟ್ಟದ್ದು. ಆದರೆ ಈ 480 ರೂಪಾಯಿ ನಗರಸಭೆಯದಲ್ಲ. ಇದನ್ನು ಅದು ವಸೂಲು ಮಾಡಿ ಕೊಡುವ ಕೈ ಮಾತ್ರ. ಬಸ್ಸಿನ ಕಂಡಕ್ಟರನ ಚೀಲದಲ್ಲಿ ಸಂಜೆಯ ಹೊತ್ತಿಗೆ ಸಾವಿರಾರು ರೂಪಾಯಿ ಇರುತ್ತದೆ, ಅದು ಅವನದಾಗುವುದೆ?

ಈ ಮಾತು ನಮ್ಮ ಕಲ್ಪನೆಯಲ್ಲ, ಶಾಸನದ ಮಾತು. ಆರೋಗ್ಯ ಉಪಕರ 1962ರ ಶಾಸನದಿಂದ ಬಂತು. ಅದು ರಾಜ್ಯ ಸರ್ಕಾರಕ್ಕೆ ಸಲ್ಲಬೇಕಾದದ್ದು. ಗ್ರಂಥಾಲಯ ಉಪಕರ 1965ರ ಸಾರ್ವಜನಿಕ ಗ್ರಂಥಾಲಯ ಶಾಸನದಿಂದ ಬಂತು. ಅದು ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಬೇಕಾದದ್ದು. ಭಿಕ್ಷುಕರ ಉಪಕರ 1975ರ ಭಿಕ್ಷಾಟನೆ ನಿಷೇಧ ಶಾಸನದಿಂದ ಬಂತು. ಅದು ನಿರಾಶ್ರಿತರ ಪರಿಹಾರದ ನಿಧಿಗೆ ಸಲ್ಲಬೇಕಾದದ್ದು. ಮೂರಕ್ಕೂ ಹೆಸರಿದೆ, ವಿಳಾಸವಿದೆ. ಅಂಚೆಯವನ ಕೈಗೆ ಕೊಟ್ಟ ಮನಿಯಾರ್ಡರಿನ ಹಾಗೆ.

ಗ್ರಂಥಾಲಯದ ಆರು ಪೈಸೆಯ ಹಿಂದೆ ಒಂದು ವಿಚಾರವಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆವು. ಮೊದಲು ಊರಿಗೊಂದು ಗ್ರಂಥಾಲಯ ಆಗಬೇಕಾದರೆ ಯಾವನಾದರೂ ಶ್ರೀಮಂತನ ಮನಸ್ಸು ಕರಗಬೇಕಿತ್ತು. ಅವನ ತಂದೆಯ ಹೆಸರಿನ ಕಲ್ಲು ಗೋಡೆಗೆ ಬೀಳಬೇಕಿತ್ತು. ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ಇದಕ್ಕೆ ಒಪ್ಪಲಿಲ್ಲ. ಓದು ಪ್ರಜೆಯ ಹಕ್ಕು. ಆದುದರಿಂದ ಗ್ರಂಥಾಲಯವು ದಾನಿಗಳ ದಯೆಯ ಮೇಲಲ್ಲ, ಶಾಸನದ ಮೇಲೆ, ಪ್ರಜೆಗಳೇ ಕೊಡುವ ಉಪಕರದ ಮೇಲೆ ನಿಲ್ಲಬೇಕು ಎಂದು ಅವರು ಜೀವನವಿಡೀ ವಾದಿಸಿದರು. 1948ರಲ್ಲಿ ಮದರಾಸು ರಾಜ್ಯ ಅಂಥ ಶಾಸನ ಮಾಡಿತು. 1965ರಲ್ಲಿ ನಮ್ಮ ಮೈಸೂರು ರಾಜ್ಯ ಮಾಡಿತು. ಅಂದರೆ ಗಿರಣಿ ಚಾಳಿನ ಹುಡುಗಿ ಆ ಕುರ್ಚಿಯಲ್ಲಿ ಯಾರ ಋಣದಲ್ಲಿಯೂ ಕುಳಿತಿಲ್ಲ. ಅವಳ ತಂದೆ ಆ ಕುರ್ಚಿಗೆ ಹಣ ಕೊಟ್ಟಿದ್ದಾನೆ. ಬಾಡಿಗೆ ಮನೆಯಲ್ಲಿದ್ದರೂ ಕೊಟ್ಟಿದ್ದಾನೆ. ಮಾಲೀಕನು ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸದೆ ಬಿಡುವನೆ?

ಇನ್ನೊಂದು ಸಂಗತಿ ನಮ್ಮ ನಾಡಿನದೇ. ಸರ್ಕಾರ ಒಂದು ಕೆಲಸದ ಹೆಸರು ಹೇಳಿ ಹಣ ಎತ್ತಿ ಅದನ್ನು ಸಾಮಾನ್ಯ ಬೊಕ್ಕಸಕ್ಕೆ ಸುರಿದುಕೊಳ್ಳಬಹುದೆ ಎಂಬ ಪ್ರಶ್ನೆ ಸ್ವತಂತ್ರ ಭಾರತದ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಆಗ ಉಡುಪಿ ಮದರಾಸು ರಾಜ್ಯದಲ್ಲಿತ್ತು. ಮಠಗಳ ಮೇಲ್ವಿಚಾರಣೆಯ ವೆಚ್ಚಕ್ಕೆಂದು ಆ ಸರ್ಕಾರ ವಂತಿಗೆ ಹಾಕಿತ್ತು; ಬಂದ ಹಣವನ್ನು ರಾಜ್ಯದ ಒಟ್ಟು ನಿಧಿಗೆ ಸೇರಿಸುತ್ತಿತ್ತು. ಇದು ಶುಲ್ಕವಲ್ಲ, ಶುಲ್ಕದ ವೇಷ ಹಾಕಿದ ತೆರಿಗೆ ಎಂದು 1954ರಲ್ಲಿ ನ್ಯಾಯಾಲಯ ಆ ವಂತಿಗೆಯನ್ನು ರದ್ದು ಮಾಡಿತು. ನಮ್ಮ ಉಪಕರವು ಶುಲ್ಕವಲ್ಲ, ತೆರಿಗೆಯ ಮೇಲಿನ ತೆರಿಗೆ, ಆದ್ದರಿಂದ ಆ ತೀರ್ಪು ಇಲ್ಲಿಗೆ ಹತ್ತುವುದಿಲ್ಲ ಎಂದು ಕಾನೂನು ಪಂಡಿತರು ಹೇಳಬಹುದು. ಹೇಳಲಿ. ಅದರ ನೀತಿಯಂತೂ ಹತ್ತುತ್ತದೆ: ಯಾವ ಹೆಸರು ಹೇಳಿ ಎತ್ತಿದಿರೋ ಆ ಕೆಲಸಕ್ಕೆ ಹಾಕಿ. ಜಾತ್ರೆಗೆ ಪಟ್ಟಿ ಎತ್ತಿದವನು ಆ ದುಡ್ಡಿನಲ್ಲಿ ಮಗಳ ಮದುವೆ ಮಾಡಿದರೆ ಊರು ಸುಮ್ಮನಿರುವುದೆ? ಇಷ್ಟು ತಿಳಿಯಲು ಕಾನೂನು ಓದಬೇಕಾಗಿಲ್ಲ.

ಬೆರಕೆಯ ಬೊಕ್ಕಸ

ಈ ಹಣ ಹೇಗೆ ಕರಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇವೆ. ಯಾರೋ ಒಬ್ಬ ಗುಮಾಸ್ತೆ ರಾತ್ರಿ ಬಂದು ಪೆಟ್ಟಿಗೆ ಒಡೆದನೆಂದು ತಿಳಿಯಬೇಡಿ. ಇಲ್ಲಿ ಕಳ್ಳನ ಅಗತ್ಯವೇ ಇಲ್ಲ. ಒಬ್ಬನೇ ಒಬ್ಬನು ಒಂದು ಪೈಸೆ ಜೇಬಿಗೆ ಹಾಕದೆಯೂ ಈ ಅನ್ಯಾಯ ವರ್ಷವರ್ಷವೂ ನಡೆಯುತ್ತದೆ. ಅದೇ ಇದರ ಭಯಂಕರತೆ.

ತೆರಿಗೆ, ಉಪಕರ ಎರಡಕ್ಕೂ ರಸೀದಿ ಒಂದೇ. ಎರಡೂ ಬೀಳುವ ಬ್ಯಾಂಕಿನ ಖಾತೆ ಒಂದೇ. ಖಾತೆಗೆ ಬಿದ್ದ ಮೇಲೆ ಯಾವ ನೋಟು ಗ್ರಂಥಾಲಯದ್ದು, ಯಾವ ನೋಟು ಚರಂಡಿಯದು ಎಂಬ ಗುರುತಿಲ್ಲ. ತಿಂಗಳ ಕೊನೆ ಬರುತ್ತದೆ. ಸಂಬಳ ಕೊಡಬೇಕು, ನೀರೆತ್ತುವ ಪಂಪಿನ ವಿದ್ಯುತ್ ಬಿಲ್ಲು ಕಟ್ಟಬೇಕು, ಗುತ್ತಿಗೆದಾರರ ಬಿಲ್ಲು ಪಾಸಾಗಬೇಕು. ಇವರೆಲ್ಲ ಬಾಗಿಲಲ್ಲಿ ನಿಂತು ಕೇಳುವವರು. ಗುತ್ತಿಗೆದಾರನಂತೂ ಅಧಿಕಾರಿಯ ಎದುರಿನ ಕುರ್ಚಿಯಲ್ಲೇ ಕುಳಿತಿರುತ್ತಾನೆ. ಅವನ ಹಿಂದೆ ಒಬ್ಬ ಸದಸ್ಯ, ಸದಸ್ಯನ ಹಿಂದೆ ಒಬ್ಬ ಶಾಸಕ. ಗ್ರಂಥಾಲಯದವರು ಮಾಡುವುದೇನು? ಒಂದು ಜ್ಞಾಪಕ ಪತ್ರ ಬರೆಯುತ್ತಾರೆ. ಅದಕ್ಕೆ ಒಂದು ನಂಬರು ಬೀಳುತ್ತದೆ, ಕಡತದಲ್ಲಿ ಮಲಗುತ್ತದೆ. ಪುಸ್ತಕಕ್ಕೆ ಬಾಯಿಲ್ಲ, ಭಿಕ್ಷುಕನಿಗೆ ಬಾಯಿದ್ದರೂ ಓಟಿಲ್ಲ. ಹೀಗಿರಲು ಮೊದಲು ಮುಗಿಯುವುದು ಇವರ ಹಣವೇ.

ವರ್ಷದ ಕೊನೆಗೆ ನಗರಸಭೆಯ ಲೆಕ್ಕಪತ್ರ ತಯಾರಾಗುತ್ತದೆ. ಅದರಲ್ಲಿ ಈ ಉಪಕರ 'ಕೊಡತಕ್ಕ ಬಾಕಿ' ಎಂಬ ತಲೆಬರಹದ ಕೆಳಗೆ ಕೂರುತ್ತದೆ. ಅಂಗಡಿಯ ಖಾತೆ ಬರೆಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಇದು ನಮ್ಮದಲ್ಲ, ಬೇರೆಯವರದು, ನಾವು ಖರ್ಚು ಮಾಡಿಕೊಂಡಿದ್ದೇವೆ ಎಂದು ನಗರಸಭೆ ತನ್ನ ಕೈಯಿಂದಲೇ ಬರೆದುಕೊಟ್ಟಂತಾಯಿತು. ಮರುವರ್ಷ ಅಂಕಿ ಇನ್ನಷ್ಟು ದಪ್ಪವಾಗುತ್ತದೆ. ಲೆಕ್ಕ ತಪಾಸಣೆಯವರು ಆಕ್ಷೇಪಣೆ ಎತ್ತುತ್ತಾರೆ. ಆರ್ಥಿಕ ಸ್ಥಿತಿ ಸುಧಾರಿಸಿದ ನಂತರ ಪಾವತಿ ಮಾಡಲಾಗುವುದು ಎಂದು ಉತ್ತರ ಹೋಗುತ್ತದೆ. ಅದರ ಮರುವರ್ಷ ಅದೇ ಆಕ್ಷೇಪಣೆ, ಅದೇ ಉತ್ತರ.

ನಾವು ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದೆವು. ಐದು ವರ್ಷಗಳಲ್ಲಿ ಎಷ್ಟು ಉಪಕರ ವಸೂಲಾಯಿತು, ಎಷ್ಟು ಪಾವತಿಯಾಯಿತು, ಎರಡೇ ಪ್ರಶ್ನೆ. ಮೂವತ್ತು ದಿನ ಕಳೆದು ಬಂದ ಉತ್ತರ: "ಮಾಹಿತಿಯನ್ನು ಕ್ರೋಡೀಕರಿಸಿರುವುದಿಲ್ಲ." ಕಿರಾಣಿ ಅಂಗಡಿಯವನು ತೆರಿಗೆ ಇಲಾಖೆಗೆ ಹೀಗೆ ಬರೆದು ಬದುಕಿಯಾನೆ?

ಸಣ್ಣ ಊರಿನ ಪಾಡು ಹೀಗಾದರೆ ರಾಜಧಾನಿಯ ಪಾಡು ಬೇರೆಯಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಗ್ರಂಥಾಲಯ ಇಲಾಖೆಗೆ ಉಳಿಸಿಕೊಂಡ ಉಪಕರದ ಬಾಕಿ ನೂರಾರು ಕೋಟಿ ರೂಪಾಯಿಗೆ ಬೆಳೆದಿತ್ತು. ಅದರ ಪೆಟ್ಟು ಬೆಂಗಳೂರಿಗಷ್ಟೇ ಬೀಳಲಿಲ್ಲ. ಕನ್ನಡದ ಪುಸ್ತಕ ಕೊಳ್ಳಲು ಇಲಾಖೆಯ ಬಳಿ ಹಣವಿಲ್ಲದೆ, ಕೊಂಡ ಪುಸ್ತಕಕ್ಕೂ ಹಣ ತಡವಾಗಿ, ಸಣ್ಣ ಪ್ರಕಾಶಕರು, ಮುದ್ರಣಾಲಯದವರು, ಲೇಖಕರು ಕಾದು ಕುಳಿತರು. 2020ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಚುನಾವಣೆಯೇ ಇಲ್ಲದೆ ಐದು ವರ್ಷ ಅಧಿಕಾರಿಗಳೇ ಆಳಿದರು. 2025ರಲ್ಲಿ ಆ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಮೈಸೂರಿನಲ್ಲಿ 2023ರಲ್ಲಿ ಸದಸ್ಯರ ಅವಧಿ ಮುಗಿದಾಗ ಅಲ್ಲಿಗೂ ಆಡಳಿತಾಧಿಕಾರಿ ಬಂದರು. ಸಭೆಯಿಲ್ಲದ ಕಡೆ ಪ್ರಶ್ನೆ ಕೇಳುವವರಾರು?

ಮೂರು ಪೈಸೆಯ ಮನುಷ್ಯರು

ರೂಪಾಯಿಗೆ ಮೂರು ಪೈಸೆ ಯಾವ ದೊಡ್ಡ ಹಣ ಎಂದು ಕೇಳುವವರಿದ್ದಾರೆ. ಅವರಿಗೆ ನಾವು 2010ನೇ ಇಸವಿಯನ್ನು ನೆನಪು ಮಾಡಿಕೊಡುತ್ತೇವೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಬೀದಿಯಿಂದ ಹಿಡಿದು ತಂದು ಗೋಡೆಯೊಳಗೆ ಇಟ್ಟವರು ಅವರು, ಸರ್ಕಾರದ ವಶದಲ್ಲಿದ್ದವರು. ನಾಡೆಲ್ಲ ಬೆಚ್ಚಿತು. ಒಳಗಿನ ಕೊಳಕು, ನೂಕುನುಗ್ಗಲು, ವೈದ್ಯರ ಅಭಾವ ಎಲ್ಲ ಹೊರಗೆ ಬಂತು. ಆಗಲೂ ಪಾಲಿಕೆ ವಸೂಲು ಮಾಡಿ ಕೊಡದೆ ಉಳಿಸಿಕೊಂಡ ಉಪಕರದ ಮಾತು ಎದ್ದಿತ್ತು. ಆ ಸಾವುಗಳಿಗೆಲ್ಲ ಬಾಕಿಯೇ ಕಾರಣವೆಂದು ನಾವು ಹೇಳುವುದಿಲ್ಲ. ಹಣ ಬಂದರೂ ಹೃದಯವಿಲ್ಲದ ಆಡಳಿತ ಜನರನ್ನು ಕೊಲ್ಲಬಲ್ಲದು. ಆದರೆ ಅವರ ಅನ್ನಕ್ಕೆ, ಔಷಧಿಗೆ ಎಂದು ಹೇಳಿ ಜನರಿಂದ ಪಡೆದ ಹಣ ಅವರಿಗೆ ತಲುಪದೆ ನಿಂತಿತ್ತು ಎಂಬುದನ್ನು ನೆನೆದರೆ ನಾಚಿಕೆಯಾಗಬೇಕು.

1963ರಲ್ಲಿ ಲೋಕಸಭೆಯಲ್ಲಿ ಡಾಕ್ಟರ್ ಲೋಹಿಯಾ ಅವರು ಈ ದೇಶದ ಬಡವನ ದಿನದ ಆದಾಯ ಮೂರಾಣೆ ಎಂದು ಲೆಕ್ಕವಿಟ್ಟಾಗ ಆಳುವವರು ನಕ್ಕರು, ಆಮೇಲೆ ಅದೇ ಲೆಕ್ಕಕ್ಕೆ ಉತ್ತರ ಹುಡುಕಿ ಬೆವತರು. ಆಣೆ ಪೈಸೆ ಎಣಿಸುವುದು ಜಿಪುಣತನವಲ್ಲ. ಬಡವನ ಬದುಕು ಆಣೆ ಪೈಸೆಗಳಲ್ಲೇ ಇದೆ. ಆ ಪಾಠ ಕಲಿತ ನಾವು ಮೂರು ಪೈಸೆಯ ಲೆಕ್ಕ ಕೇಳದೆ ಬಿಡುವುದಿಲ್ಲ.

ನಮಗೊಂದು ನ್ಯಾಯ, ಅವರಿಗೊಂದು ನ್ಯಾಯ

ಗಿರಣಿ ಕಾರ್ಮಿಕ ಬಂಧುಗಳೇ, ಪ್ರಾವಿಡೆಂಟ್ ಫಂಡಿನ ಕಥೆ ನಿಮಗೆ ಗೊತ್ತು. ಮಾಲೀಕನು ನಿಮ್ಮ ಸಂಬಳದಲ್ಲಿ ಹಣ ಹಿಡಿಯುತ್ತಾನೆ. ಹಿಡಿದದ್ದನ್ನು ಫಂಡಿಗೆ ಕಟ್ಟದೆ ಹತ್ತಿ ಕೊಂಡರೆ, ಬ್ಯಾಂಕಿನ ಸಾಲ ತೀರಿಸಿದರೆ, ಅದು ಬರೀ ಬಾಕಿಯಲ್ಲ; ವಿಶ್ವಾಸದ್ರೋಹದ ಅಪರಾಧ. ಹಳೆಯ ದಂಡಸಂಹಿತೆಯ 405ನೆಯ ಕಲಮಿನಲ್ಲಿ ಹಾಗೆ ಬಿಡಿಸಿ ಬರೆದಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಲ್ಲಿಯೂ ಬರೆದಿದೆ. "ಗಿರಣಿ ನಷ್ಟದಲ್ಲಿತ್ತು, ಆದ್ದರಿಂದ ಬಳಸಿಕೊಂಡೆ" ಎಂಬ ಮಾತನ್ನು ನೀವು ಒಪ್ಪಿದಿರಾ? ಗೇಟಿನ ಮುಂದೆ ಕುಳಿತಿರಿ.

ವ್ಯಾಪಾರಿ ಬಂಧುಗಳೇ, ಗಿರಾಕಿಯಿಂದ ಜಿಎಸ್‌ಟಿ ಪಡೆದು ತಿಂಗಳಿಗೆ ಸರಿಯಾಗಿ ಕಟ್ಟದಿದ್ದರೆ ನಿಮ್ಮ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೀಳುತ್ತದೆ. ಜನರಿಂದ ಪಡೆದದ್ದು ನಿನ್ನದಲ್ಲ, ಸರ್ಕಾರದ್ದು ಎಂದು ನಿಮಗೆ ಪಾಠ ಹೇಳುತ್ತಾರೆ. ಸರಿಯಾದ ಪಾಠವೇ. ಅದನ್ನು ನಗರಸಭೆಗೆ ಹೇಳುವವರು ಯಾರು? ನೀವು ತೆರಿಗೆ ತಡ ಮಾಡಿದರೆ ತಿಂಗಳಿಗೆ ಶೇಕಡಾ 2 ದಂಡ ಹಾಕುವ ನಗರಸಭೆ, ಗ್ರಂಥಾಲಯದ ಹಣವನ್ನು ವರ್ಷಗಟ್ಟಲೆ ಇಟ್ಟುಕೊಂಡದ್ದಕ್ಕೆ ತಾನು ಕೊಡುವ ಬಡ್ಡಿ ಎಷ್ಟು? ಮಾಲೀಕ ಮಾಡಿದರೆ ದ್ರೋಹ, ವ್ಯಾಪಾರಿ ಮಾಡಿದರೆ ಕಳವು, ನಗರಸಭೆ ಮಾಡಿದರೆ 'ತಾತ್ಕಾಲಿಕ ಹೊಂದಾಣಿಕೆ'! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಬಡತನದ ನೆಪ

ನಗರಸಭೆಯ ಪರವಾಗಿ ಹೇಳಬಹುದಾದ ಮಾತೊಂದಿದೆ. ಅದನ್ನು ಮುಚ್ಚಿಟ್ಟು ವಾದಿಸುವುದು ನಮ್ಮ ಪದ್ಧತಿಯಲ್ಲ. ನಗರಸಭೆ ನಿಜವಾಗಿಯೂ ಬಡವಾಗಿದೆ. ಮೊದಲು ಊರೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಇತ್ತು. ನಾಕಾದಲ್ಲಿ ಗಾಡಿ ನಿಲ್ಲಿಸಿ ಕಿರುಕುಳ ಕೊಡುವ ಆ ತೆರಿಗೆ ಹೋಗಬೇಕೆಂದು ವ್ಯಾಪಾರಿಗಳು ಕೇಳಿದ್ದು ಸರಿಯೇ. 1979ರಲ್ಲಿ ಅದು ಹೋಯಿತು. ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆ ರಾಜ್ಯದ ಕೈ ಸೇರಿತು. ನಗರಸಭೆ ಕೈಚಾಚಿ ನಿಲ್ಲುವಂತಾಯಿತು. 1992ರ 74ನೆಯ ತಿದ್ದುಪಡಿ ನಗರಸಭೆಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ಕೆಲಸಗಳ ಪಟ್ಟಿ ಕೊಟ್ಟಿತು. ಜೊತೆಗೆ ದುಡ್ಡಿನ ಚೀಲ ಬರಲಿಲ್ಲ. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯ ಬೇಕೆಂದು ಲೋಹಿಯಾ ಅವರು ಕೇಳಿದ್ದರು. ಇವರು ಎರಡು ಕಂಬಕ್ಕೆ ಕಬ್ಬಿಣ ಹಾಕಿ ಇನ್ನೆರಡನ್ನು ಮಣ್ಣಿನಲ್ಲಿ ಕಟ್ಟಿದರು.

ಇದೆಲ್ಲ ನಿಜ. ಪೌರಕಾರ್ಮಿಕರ ಸಂಬಳ ಒಂದು ದಿನವೂ ತಡವಾಗಬಾರದು ಎಂಬುದೂ ನಿಜ. ಆ ಮಾತನ್ನು ನಮ್ಮಷ್ಟು ಗಟ್ಟಿಯಾಗಿ ಯಾರೂ ಹೇಳಿಲ್ಲ. ಆದರೆ ಗ್ರಂಥಾಲಯದ ಹಣ ಕೊಟ್ಟರೆ ಪೌರಕಾರ್ಮಿಕನಿಗೆ ಸಂಬಳವಿಲ್ಲ ಎಂದು ಒಬ್ಬ ಬಡವನನ್ನು ಇನ್ನೊಬ್ಬ ಬಡವನ ಮೇಲೆ ಎತ್ತಿಕಟ್ಟುವ ಈ ಜಾಣತನವನ್ನು ನಾವು ಒಪ್ಪುವುದಿಲ್ಲ. ಸಂಬಳಕ್ಕೆ ಹಣ ಬೇಕಾದರೆ ವರ್ಷಗಟ್ಟಲೆ ತೆರಿಗೆ ಬಾಕಿ ಉಳಿಸಿಕೊಂಡ ದೊಡ್ಡ ಕಟ್ಟಡಗಳ ಬಾಗಿಲು ತಟ್ಟಿ. ಪಾಲು ಬೇಕಾದರೆ ವಿಧಾನಸೌಧದ ಬಾಗಿಲು ತಟ್ಟಿ. ನಾವೂ ಜೊತೆಗೆ ಬರುತ್ತೇವೆ. ಅದನ್ನು ಬಿಟ್ಟು, ಕೈಗೆ ಹತ್ತಿರವಿರುವುದೆಂದು ನಿರಾಶ್ರಿತನ ತಟ್ಟೆಗೆ ಕೈ ಹಾಕಬೇಡಿ.

ರಾಜ್ಯ ಸರ್ಕಾರ ಇಲ್ಲಿ ಉಪದೇಶಕನ ಪೀಠ ಏರುವಂತಿಲ್ಲ. ಉಪಕರ, ಸರ್‌ಚಾರ್ಜುಗಳಲ್ಲಿ ದಿಲ್ಲಿ ರಾಜ್ಯಗಳಿಗೆ ಪಾಲು ಕೊಡುವುದಿಲ್ಲ. 2000ದ 80ನೆಯ ತಿದ್ದುಪಡಿಯಲ್ಲಿ ಅದನ್ನು ಸಂವಿಧಾನಕ್ಕೇ ಬರೆದರು. ರಾಜ್ಯಗಳ ನಷ್ಟ ತುಂಬಲೆಂದು ಎತ್ತಿದ ಜಿಎಸ್‌ಟಿ ಪರಿಹಾರ ಉಪಕರದಲ್ಲಿ 2017-18 ಮತ್ತು 2018-19ರ ಎರಡು ವರ್ಷಗಳಲ್ಲಿ 47,272 ಕೋಟಿ ರೂಪಾಯಿಯನ್ನು ದಿಲ್ಲಿ ಆ ನಿಧಿಗೆ ಹಾಕದೆ ತನ್ನಲ್ಲೇ ಇಟ್ಟುಕೊಂಡಿತೆಂದು ಮಹಾಲೇಖಪಾಲರು 2020ರಲ್ಲಿ ವರದಿ ಮಾಡಿದರು. ರಾಜ್ಯಗಳು ಕೂಗಿದವು, ಕೂಗಿದ್ದು ನ್ಯಾಯವೇ. ಆದರೆ ದಿಲ್ಲಿ ರಾಜ್ಯಕ್ಕೆ ಮಾಡಿದ್ದನ್ನೇ ನಗರಸಭೆ ಗಿರಣಿ ಚಾಳಿನ ಗ್ರಂಥಾಲಯಕ್ಕೆ ಮಾಡುವಾಗ ಬೆಂಗಳೂರು ಏಕೆ ಕಣ್ಣು ಮುಚ್ಚುತ್ತದೆ? ಆರೋಗ್ಯಕ್ಕೆಂದು ನಾವು ಕೊಡುವ ಹದಿನೈದು ಪೈಸೆ ಯಾವ ಆಸ್ಪತ್ರೆಯ ಯಾವ ಹಾಸಿಗೆಯಾಯಿತೆಂದು ಎಂದಾದರೂ ನಮಗೆ ಲೆಕ್ಕ ಕೊಟ್ಟಿದೆಯೆ?

ಹೆಸರು ಉಳಿದು ಹಣ ಹೋದ ಬಗೆ

ಹಣವನ್ನು ಕೊಡದೆ ಇಟ್ಟುಕೊಳ್ಳುವುದು ಒಂದು ದಾರಿ. ಕೊಟ್ಟಂತೆ ತೋರಿಸುವುದು ಇನ್ನೊಂದು. ನಗರಸಭೆಗಳು ತಮ್ಮ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇಕಡಾ 24.10, ಇತರ ಬಡವರಿಗೆ ಶೇಕಡಾ 7.25, ಅಂಗವಿಕಲರಿಗೆ ಶೇಕಡಾ 5 ತೆಗೆದಿಡಬೇಕೆಂದು ಸರ್ಕಾರದ ಆದೇಶವಿದೆ. ಆಯವ್ಯಯದ ಪುಸ್ತಕದಲ್ಲಿ ಈ ಅಂಕಿಗಳು ತಪ್ಪದೆ ಇರುತ್ತವೆ. ಆದರೆ ಹಣ ಯಾವ ಬೀದಿಗೆ ಬಿತ್ತು? ಊರಿನ ದೊಡ್ಡ ರಸ್ತೆಗೆ ಡಾಂಬರು ಹಾಕಿ, ಆ ರಸ್ತೆಯ ಮೇಲೆ ದಲಿತರೂ ನಡೆಯುತ್ತಾರೆಂದು ಅವರ ಲೆಕ್ಕಕ್ಕೆ ಬರೆಯುವುದು ಎಂಥ ನ್ಯಾಯ? ರಾಜ್ಯದ 2013ರ ಪರಿಶಿಷ್ಟರ ಉಪಯೋಜನೆ ಶಾಸನದಲ್ಲಿಯೇ 7(ಡಿ) ಎಂಬ ಕಿಂಡಿ ಇಟ್ಟು, ಎಲ್ಲರಿಗೂ ಆಗುವ ಕೆಲಸದಲ್ಲಿ ಒಂದು ಪಾಲನ್ನು ಅವರಿಗಾಗಿ ಖರ್ಚಾಯಿತೆಂದು ಭಾವಿಸಲು ದಾರಿ ಮಾಡಿದ್ದರು. ಹತ್ತು ವರ್ಷದ ಹೋರಾಟದ ಮೇಲೆ 2023ರಲ್ಲಿ ಆ ಕಿಂಡಿ ಮುಚ್ಚಿತು. ಶಾಸನದ ಕಿಂಡಿ ಮುಚ್ಚಿತು; ಗುಮಾಸ್ತೆಯ ಲೇಖನಿಯ ಕಿಂಡಿ ಮುಚ್ಚಿತೇ ಎಂದು ನೋಡಬೇಕಾದವರು ನಾವು.

ಕಟ್ಟಡ ಕಾರ್ಮಿಕರ ಹಣದ ಕಥೆಯೂ ಇದೇ. 1996ರ ಶಾಸನದಂತೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಸೆಸ್ಸು. ನಕ್ಷೆ ಮಂಜೂರು ಮಾಡುವಾಗ ನಗರಸಭೆಯೇ ಅದನ್ನು ಹಿಡಿಯುತ್ತದೆ. ಹಿಡಿದ 30 ದಿನಗಳಲ್ಲಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟಬೇಕೆಂದು 1998ರ ನಿಯಮ ಹೇಳಿತು. 2025ರ ನವೆಂಬರಿನಲ್ಲಿ ಆ ಶಾಸನದ ಜಾಗಕ್ಕೆ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಸೆಸ್ಸು ಹೋಗಿಲ್ಲ. ದೇಶದ ಬೇರೆ ಬೇರೆ ಕಡೆ ಕೂಡಿಬಿದ್ದ ಆ ಹಣದಲ್ಲಿ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಯಂತ್ರ ಕೊಂಡ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂದು, 2018ರಲ್ಲಿ ನ್ಯಾಯಾಲಯ ಸರ್ಕಾರಗಳಿಗೆ ಛೀಮಾರಿ ಹಾಕಿತು. ಇಟ್ಟಿಗೆ ಹೊರುವವಳು ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡರೆ ಔಷಧಿಗೆ ಅಲೆಯಬೇಕು. ಅವಳ ಹೆಸರಿನ ಹಣದಲ್ಲಿ ಯಂತ್ರ ಬರುತ್ತದೆ. ಅತ್ತೆಯ ದುಡ್ಡಿನಲ್ಲಿ ಅಳಿಯನ ದಾನ!

ನಮ್ಮ ಬೇಡಿಕೆಗಳು

ಉಪಕರ ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಸುಲಭ; ಅದರಿಂದ ಸಂತೋಷಪಡುವವರು ದೊಡ್ಡ ಮಾಳಿಗೆಯವರು. ಓದಿಗೆ, ರೋಗಿಗೆ, ನಿರಾಶ್ರಿತನಿಗೆ ಸಮಾಜ ಒಟ್ಟಾಗಿ ಹಣ ಕೂಡಿಸುವುದು ಸಮಾಜವಾದದ ಮೊದಲ ಪಾಠ. ಕೊಡುತ್ತೇವೆ, ಲೆಕ್ಕ ಕೇಳುತ್ತೇವೆ. ಆದುದರಿಂದ ನಾವು ಒತ್ತಾಯಪಡಿಸುವುದು ಇಷ್ಟು:

1. ಉಪಕರಗಳಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ರಸೀದಿ ಹರಿದ ದಿನವೇ 24 ಪೈಸೆ ಬೇರೆಯಾಗಿ ಅಲ್ಲಿಗೆ ಹೋಗಬೇಕು. ಕಂಪ್ಯೂಟರಿನಲ್ಲಿ ರಸೀದಿ ಕೊಡುವ ಕಾಲದಲ್ಲಿ ಇದು ಆಗದ ಕೆಲಸವಲ್ಲ.

2. ಪ್ರತಿ ತಿಂಗಳು ವಸೂಲಾದದ್ದು, ಪಾವತಿಯಾದದ್ದು, ಬಾಕಿ ಉಳಿದದ್ದು ಈ ಮೂರು ಅಂಕಿಗಳನ್ನು ಕನ್ನಡದಲ್ಲಿ ಕಂದಾಯದ ಕಿಟಕಿಯ ಪಕ್ಕದಲ್ಲಿಯೇ ಬರೆದು ಹಾಕಬೇಕು.

3. ಹಳೆಯ ಬಾಕಿಗೆ ಕಂತು ಗೊತ್ತುಮಾಡಿ ತೀರಿಸಬೇಕು. ನಮ್ಮಿಂದ ವಸೂಲು ಮಾಡುವ ದಂಡದ ದರವನ್ನೇ ತನಗೂ ಹಾಕಿಕೊಳ್ಳಬೇಕು. ಮೊದಲ ಕಂತಿನಲ್ಲಿಯೇ ಗಿರಣಿ ಚಾಳಿನ ಗ್ರಂಥಾಲಯದ ಬಾಡಿಗೆ ತೀರಬೇಕು.

4. ಪರಿಶಿಷ್ಟರ, ಬಡವರ, ಅಂಗವಿಕಲರ ಪಾಲಿನಲ್ಲಿ ಆದ ಕೆಲಸಗಳ ಪಟ್ಟಿಯನ್ನು ಬೀದಿಯ ಹೆಸರು ಸಹಿತ ಆಯಾ ವಾರ್ಡಿನಲ್ಲಿ ಓದಿ ಹೇಳಬೇಕು.

5. ರಾಜ್ಯ ಸರ್ಕಾರ ನಗರಸಭೆಗಳಿಗೆ ನ್ಯಾಯವಾದ ಪಾಲು ಕೊಡಬೇಕು. ಅವಧಿ ಮುಗಿದ ಕಡೆ ತಡಮಾಡದೆ ಚುನಾವಣೆ ನಡೆಸಬೇಕು.

ಈ ಬೇಡಿಕೆಗಳಲ್ಲಿ ಒಂದೂ ಕ್ರಾಂತಿಯಲ್ಲ. ಸಣ್ಣ ಅಂಗಡಿಯವನು ದಿನವೂ ಮಾಡುವ ಕೆಲಸವನ್ನೇ ನಗರಸಭೆ ಮಾಡಲಿ ಎನ್ನುತ್ತಿದ್ದೇವೆ: ಬೇರೆಯವರ ಹಣವನ್ನು ಬೇರೆ ಡಬ್ಬಿಯಲ್ಲಿಡುವುದು.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಗಿರಣಿ ಚಾಳಿನ ಗ್ರಂಥಾಲಯದ ಮುಂದೆ ಸಭೆ ಸೇರುತ್ತೇವೆ. ಹಾರ ತುರಾಯಿ ಬೇಡ. ಈ ವರ್ಷದ ಕಂದಾಯದ ರಸೀದಿ ತನ್ನಿ. ಬಾಡಿಗೆ ಮನೆಯವರು ಬಾಡಿಗೆಯ ಚೀಟಿ ತನ್ನಿ. ಎಲ್ಲರ ರಸೀದಿಗಳ ಆರು ಪೈಸೆಗಳನ್ನು ಅಲ್ಲಿಯೇ, ಆ ಹುಡುಗಿಯರ ಕೈಯಿಂದಲೇ ಕೂಡಿಸೋಣ. ನಮ್ಮ ಒಂದು ಓಣಿ ಒಂದು ವರ್ಷದಲ್ಲಿ ಕೊಟ್ಟ ಹಣ ಎಷ್ಟು, ಆ ಎರಡು ಕೋಣೆಗಳ ಬಾಡಿಗೆ ಎಷ್ಟು ಎಂಬುದು ಅಲ್ಲಿ ಗೊತ್ತಾಗಲಿ. ಆ ಮೊತ್ತವನ್ನು ಬರೆದ ಕಾಗದ ಹಿಡಿದು ನಗರಸಭೆಗೆ ನಡೆದು ಹೋಗೋಣ. ಅವರು ಕ್ರೋಡೀಕರಿಸಿರದ ಮಾಹಿತಿಯನ್ನು ನಾವೇ ಕ್ರೋಡೀಕರಿಸಿ ಒಯ್ಯೋಣ.